ಬೆಳಗಿನ ಹಕ್ಕಿಮಾತಿಗೆ ಹೊಸದಾಗಿ ಬಂದವರಿಗೆ

ಬೆಳಗ್ಗೆ ಏಳು ದಾಟುತ್ತಿದ್ದಂತೆ ನಿಮ್ಮ ಮೊಬೈಲಿಗೆ ಇಂಥದೊಂದು ಸಂದೇಶ ಬಂದಿದೆ ಎಂದುಕೊಳ್ಳಿ: “ಸೂಳೆಕೆರೆ ಏರಿ. 6.40ರಿಂದ 7. ಮೋಡ, ಗಾಳಿ ಜೋರು. ಗುಳುಮುಳುಕ 11, ನೀರುಕಾಗೆ 30ರ ಮೇಲೆ, ಬೂದು ಬಕ 2, ರೀವ 3. ಬೇರೆ ಏನಿಲ್ಲ.” ಅದರ ಹಿಂದೆಯೇ ಹೊನ್ನಾಳಿಯಿಂದ ಒಬ್ಬರು, “ಹೊಳೆ ಕಡೆ ಮಂಜು, ಏನೂ ಕಾಣ್ತಿಲ್ಲ, ಬರೀ ಸದ್ದು” ಎನ್ನುತ್ತಾರೆ. ನ್ಯಾಮತಿಯವರದ್ದು ದೂರು: “ಹೊಲದಾಗೆ ನವಿಲು ನಾಲ್ಕು. ಮೆಕ್ಕೆಜೋಳ ಉಳಿಯಂಗಿಲ್ಲ ಅಣ್ಣ.” ಜಗಳೂರಿನ ಮೇಷ್ಟ್ರು ಕೊನೆಗೆ ಬರೆಯುತ್ತಾರೆ: “ಇವತ್ತೂ ಅವೇ ನೆಲಗುಬ್ಬಿ, ಅದೇ ಟಿಟ್ಟಿಭ. ಕಬ್ಬಕ್ಕಿ ಇನ್ನೂ ಬಂದಿಲ್ಲ ನೋಡ್ರಿ.”

ಇದರಲ್ಲಿ ಏನು ಸುಖವಿದೆ ಎಂದು ನಿಮಗೆ ಅನ್ನಿಸಿದರೆ ಅದು ಸಹಜ. ಮೊದಲ ಸಲ ಓದಿದಾಗ ಇದು ಕಿರಾಣಿ ಅಂಗಡಿಯ ಚೀಟಿಯ ಹಾಗೆ ಕಾಣುತ್ತದೆ. ಹಕ್ಕಿ ನೋಡುವ ಗೆಳೆಯರ ಈ ದಿನನಿತ್ಯದ ಮಾತನ್ನು ಹೇಗೆ ಓದಬೇಕು, ಅದರೊಳಗೆ ನೀವು ಹೇಗೆ ಸೇರಿಕೊಳ್ಳಬೇಕು ಎಂಬುದನ್ನು ನಿಧಾನವಾಗಿ ಹೇಳುತ್ತೇನೆ. ಕಾಗೆ, ಗೊರವಂಕ, ಗುಬ್ಬಚ್ಚಿ ಈ ಮೂರನ್ನು ನೀವು ಬಲ್ಲಿರಾದರೆ ಸದ್ಯಕ್ಕೆ ಅಷ್ಟೇ ಸಾಕು.

ಮೊದಲು ನೆಲದ ಪರಿಚಯ ಮಾಡಿಕೊಳ್ಳೋಣ. ಸೂಳೆಕೆರೆಯಿರುವುದು ಚನ್ನಗಿರಿ ತಾಲೂಕಿನಲ್ಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಊರುಗಳು 1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಯ ತಾಲೂಕು ಕೇಂದ್ರಗಳು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲೂಕಾಯಿತು. ಜಿಲ್ಲೆ ಒಂದೇ ಆದರೂ ಹಕ್ಕಿಗಳ ಲೆಕ್ಕದಲ್ಲಿ ಇವು ಬೇರೆ ಬೇರೆ ಲೋಕಗಳು. ಚನ್ನಗಿರಿಯಲ್ಲಿ ಅಡಿಕೆ ತೋಟದ ನೆರಳಿದೆ. ಅಲ್ಲಿ ಏಳೆಂಟು ಹರಟೆಮಲ್ಲಗಳು ಒಟ್ಟಾಗಿ ತರಗೆಲೆ ಕೆದಕುತ್ತ ಗದ್ದಲ ಮಾಡುತ್ತಿರುತ್ತವೆ. ಅದೇ ತಾಲೂಕಿನಲ್ಲಿ ಶಾಂತಿಸಾಗರ, ಅಂದರೆ ಸೂಳೆಕೆರೆ, ಶತಮಾನಗಳಿಂದ ಹರಿದ್ರಾವತಿ ಹಳ್ಳದ ನೀರನ್ನು ಹಿಡಿದು ನಿಂತಿದೆ. ಹೊನ್ನಾಳಿಗೆ ತುಂಗಭದ್ರೆಯ ದಂಡೆ, ಭತ್ತದ ಗದ್ದೆ. ನ್ಯಾಮತಿಗೆ ತೀರ್ಥರಾಮೇಶ್ವರದ ಕಡೆಯ ಗುಡ್ಡ, ಮೆಕ್ಕೆಜೋಳದ ಹೊಲ. ಜಗಳೂರು ಬಯಲುಸೀಮೆ: ಜಾಲಿ, ಬಂಡೆ, ಕುರುಚಲು. ಅಲ್ಲಿಯ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿ ವನ್ಯಧಾಮವೆಂದು ಘೋಷಿಸಲಾಯಿತು. ಗಂಡಿಗೆ ನಾಲ್ಕು ಕೊಂಬಿರುವ ಸಣ್ಣ ಪ್ರಾಣಿ ಅದು. ಹೀಗಾಗಿ ಒಂದೇ ಮುಂಜಾನೆ ನಾಲ್ಕು ಕಡೆಯಿಂದ ನಾಲ್ಕು ಥರದ ಸುದ್ದಿ ಬರುತ್ತದೆ.

ಈಗ ಆ ಸೂಳೆಕೆರೆಯ ಸಂದೇಶವನ್ನು ಬಿಡಿಸಿ ನೋಡೋಣ.

ಮೊದಲು ಜಾಗ. ಬರೀ “ಕೆರೆ” ಎಂದು ಬರೆದಿಲ್ಲ, “ಏರಿ” ಎಂದು ಬರೆದಿದ್ದಾರೆ. ಏರಿಯ ಮೇಲೆ ನಿಂತರೆ ಕಾಣುವುದು ಆಳದ ನೀರು. ಅಲ್ಲಿ ಮುಳುಗಿ ಮೀನು ಹಿಡಿಯುವ ಗುಳುಮುಳುಕ, ನೀರುಕಾಗೆಗಳಿರುತ್ತವೆ. ಅದೇ ಕೆರೆಯ ಹಿನ್ನೀರಿನ ಅಂಚಿಗೆ ಹೋದರೆ ಕೆಸರು, ಜೊಂಡು, ಬೇರೆಯೇ ಹಕ್ಕಿಗಳು. ಆದ್ದರಿಂದ ನೀವು ಎಲ್ಲಿ ನಿಂತಿದ್ದಿರಿ ಎಂಬುದು ತಿಳಿಯದೆ ನೀವು ಏನು ಕಂಡಿರಿ ಎಂಬುದಕ್ಕೆ ಪೂರ್ತಿ ಅರ್ಥ ಬರುವುದಿಲ್ಲ.

ಆಮೇಲೆ ಹೊತ್ತು. ಶುರುವಾದದ್ದು ಎಷ್ಟಕ್ಕೆ, ಮುಗಿದದ್ದು ಎಷ್ಟಕ್ಕೆ ಎಂದು ಎರಡೂ ಇದೆ. ಇಪ್ಪತ್ತು ನಿಮಿಷದಲ್ಲಿ ಕಂಡ ಹನ್ನೊಂದು ಗುಳುಮುಳುಕಕ್ಕೂ ಮೂರು ಗಂಟೆ ಕಾದು ಕಂಡ ಹನ್ನೊಂದಕ್ಕೂ ಬಹಳ ವ್ಯತ್ಯಾಸವಿದೆ. ಮೋಡ, ಗಾಳಿಯ ಮಾತೂ ಸುಮ್ಮನೆ ಬಂದದ್ದಲ್ಲ. ಗಾಳಿ ಜೋರಾದರೆ ಅಲೆ ಏಳುತ್ತದೆ. ಗುಳುಮುಳುಕದಂಥ ಪುಟ್ಟ ಹಕ್ಕಿ ಅಲೆಗಳ ನಡುವೆ ಮರೆಯಾಗುತ್ತದೆ. ಹನ್ನೊಂದು ಕಂಡವು ಎಂದರೆ ಇನ್ನಷ್ಟು ಇದ್ದಿರಬಹುದು ಎಂದು ಅನುಭವಿಗಳು ಓದಿಕೊಳ್ಳುತ್ತಾರೆ.

ಸಂಖ್ಯೆಯ ವಿಷಯದಲ್ಲಿ ಹೊಸಬರು ಬಹಳ ಹೆದರುತ್ತಾರೆ. ಹೆದರಬೇಡಿ. ಸಣ್ಣ ಗುಂಪಾದರೆ ಒಂದೊಂದಾಗಿ ಎಣಿಸಿ. ದೊಡ್ಡ ಗುಂಪಾದರೆ ಮೊದಲು ಹತ್ತನ್ನು ಎಣಿಸಿ, ಆ ಹತ್ತು ಕಣ್ಣಿಗೆ ಎಷ್ಟು ಜಾಗ ಹಿಡಿಯುತ್ತದೆ ಎಂದು ಗಮನಿಸಿ, ಅಂಥ ಎಷ್ಟು ತುಂಡುಗಳಿವೆ ಎಂದು ನೋಡಿ. “30ರ ಮೇಲೆ” ಎಂಬುದು ಹೀಗೆ ಬಂದ ಅಂದಾಜು. “ಸುಮಾರು ಇದ್ದವು”, “ರಾಶಿ ಇದ್ದವು” ಎಂಬ ಮಾತಿಗಿಂತ ತಪ್ಪಿರಬಹುದಾದ ಒಂದು ಸಂಖ್ಯೆ ಎಷ್ಟೋ ಮೇಲು. ನಿಮ್ಮ “ರಾಶಿ” ಎಷ್ಟು ಎಂಬುದು ನನಗೆ ಗೊತ್ತಾಗುವುದಿಲ್ಲ.

ಕೊನೆಯ ಎರಡು ಪದಗಳೇ ಇಡೀ ಸಂದೇಶದಲ್ಲಿ ಬೆಲೆಯುಳ್ಳವು: “ಬೇರೆ ಏನಿಲ್ಲ.” ಹಕ್ಕಿ ನೋಡುವವರು ಇದನ್ನು ಪೂರ್ಣ ಪಟ್ಟಿ ಎನ್ನುತ್ತಾರೆ. ಪೂರ್ಣ ಪಟ್ಟಿ ಎಂದರೆ ಅಲ್ಲಿದ್ದ ಹಕ್ಕಿಗಳೆಲ್ಲ ಅದರಲ್ಲಿವೆ ಎಂದಲ್ಲ. ನನಗೆ ಗುರುತು ಸಿಕ್ಕವುಗಳಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಪೂರ್ತಿ ಬರೆದಿದ್ದೇನೆ, ಚೆಂದದವನ್ನಷ್ಟೇ ಆರಿಸಿಲ್ಲ ಎಂದು. ಹತ್ತೇ ಹಕ್ಕಿ ಗೊತ್ತಿರುವವರೂ ಪೂರ್ಣ ಪಟ್ಟಿ ಕೊಡಬಹುದು. ಕಾಗೆಯನ್ನು ಬಿಟ್ಟು ಮಿಂಚುಳ್ಳಿಯನ್ನು ಮಾತ್ರ ಬರೆದರೆ ಅದು ಪೂರ್ಣ ಪಟ್ಟಿಯಲ್ಲ.

ಇದು ಯಾಕೆ ಮುಖ್ಯ? ನೀಲಕಂಠವನ್ನು ತೆಗೆದುಕೊಳ್ಳಿ. ನಮ್ಮ ರಾಜ್ಯಪಕ್ಷಿ. ಹೊಲದ ಬದಿಯ ಕರೆಂಟ್ ತಂತಿಯ ಮೇಲೆ ಮಂಕಾಗಿ ಕೂತಿರುತ್ತದೆ, ಹಾರಿದಾಗ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ ಬಿಚ್ಚಿಕೊಳ್ಳುತ್ತದೆ. “ಮೊದಲಿನಷ್ಟು ಕಾಣುತ್ತಿಲ್ಲ” ಎಂದು ಹಿರಿಯರು ಹೇಳಿದರೆ ಅದು ನಿಜವೋ ಬರೀ ಅನಿಸಿಕೆಯೋ? ಒಂದು ಕಾಲದ ನೂರು ಪೂರ್ಣ ಪಟ್ಟಿಗಳಲ್ಲಿ ಎಷ್ಟರಲ್ಲಿ ನೀಲಕಂಠವಿತ್ತು, ಈಗಿನ ನೂರರಲ್ಲಿ ಎಷ್ಟರಲ್ಲಿದೆ ಎಂದು ಹೋಲಿಸಿದರೆ ಉತ್ತರ ಸಿಗುತ್ತದೆ. ಪಟ್ಟಿಯಲ್ಲಿ ಹಕ್ಕಿಯ ಹೆಸರು ಇಲ್ಲದಿರುವುದಕ್ಕೆ ಅರ್ಥ ಬರುವುದು ಆ ಪಟ್ಟಿ ಪೂರ್ಣವಾಗಿದ್ದಾಗ ಮಾತ್ರ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತಿರುವುದು ಇಂಥ ಲೆಕ್ಕದ ಮೇಲೆಯೇ. ಸುಮಾರು 30,000 ಹವ್ಯಾಸಿಗಳು ಬರೆದಿಟ್ಟ 3 ಕೋಟಿಯಷ್ಟು ದಾಖಲೆಗಳನ್ನು ಆಧರಿಸಿ 942 ಬಗೆಯ ಹಕ್ಕಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ನೀಲಕಂಠದ ಇಳಿಕೆ ಕಳವಳಪಡುವಷ್ಟಿದೆ ಎಂದು ಅದು ಹೇಳಿತು. ಕೋಗಿಲೆ, ನವಿಲುಗಳು ಏರಿವೆ ಎಂದೂ ಹೇಳಿತು. ನವಿಲಿನ ವಿಷಯವನ್ನು ನ್ಯಾಮತಿಯ ರೈತರಿಗೆ ಯಾರೂ ವರದಿ ಬರೆದು ತಿಳಿಸಬೇಕಾಗಿಲ್ಲ, ಬಿಡಿ.

ಜಗಳೂರಿನ ಮೇಷ್ಟ್ರ “ಇವತ್ತೂ ಅವೇ” ಎಂಬ ಮಾತಿನ ತೂಕ ಈಗ ನಿಮಗೆ ಗೊತ್ತಾಗುತ್ತದೆ. ಅವರು ಕಾಯುತ್ತಿರುವುದು ಗುಲಾಬಿ ಕಬ್ಬಕ್ಕಿಗಾಗಿ. ಗೊರವಂಕದ ಗಾತ್ರದ ಈ ಹಕ್ಕಿಗೆ ಮೈ ತಿಳಿಗುಲಾಬಿ, ತಲೆ ಮತ್ತು ರೆಕ್ಕೆ ಕಪ್ಪು. ಮರಿ ಮಾಡುವುದು ಮಧ್ಯ ಏಷ್ಯಾದ ಕಡೆ. ಚಳಿಗಾಲ ಕಳೆಯಲು ಹಿಂಡುಹಿಂಡಾಗಿ ನಮ್ಮ ಜೋಳದ ಹೊಲಗಳಿಗೆ ಬರುತ್ತದೆ. ಬಂದ ದಿನವನ್ನು ಎಲ್ಲರೂ ಬರೆಯುತ್ತಾರೆ. ಆದರೆ ಹಿಂದಿನ ದಿನಗಳಲ್ಲೂ ಒಬ್ಬರು ಹೋಗಿ ನೋಡಿ “ಇನ್ನೂ ಇಲ್ಲ” ಎಂದು ಬರೆದಿದ್ದರೆ ಮಾತ್ರ ಅದು ನಿಜವಾಗಿ ಬಂದ ದಿನ. ಇಲ್ಲದಿದ್ದರೆ ಅದು ನಾವು ಕಂಡ ದಿನ ಅಷ್ಟೇ. ಅದೇ ಜಗಳೂರು ಸೀಮೆಯಲ್ಲಿ ತುಂಗಭದ್ರೆಯ ನೀರನ್ನು ಎತ್ತಿ 57 ಕೆರೆಗಳನ್ನು ತುಂಬಿಸುವ ಏತ ನೀರಾವರಿ ಯೋಜನೆಯಿದೆ. ಜಾಲಿ ಬೆಳೆದ ಒಣ ಕೆರೆಗೆ ನೀರು ಬಂದಾಗ ಯಾವ ಹಕ್ಕಿ ಮೊದಲು ಬಂತು, ಯಾವುದು ಜಾಗ ಬಿಟ್ಟಿತು ಎಂಬುದನ್ನು ಅಲ್ಲಿಯೇ ಇರುವವರು ವಾರವಾರ ಬರೆದಿಡದಿದ್ದರೆ ಆಮೇಲೆ ಯಾರಿಂದಲೂ ಹೇಳಲಾಗುವುದಿಲ್ಲ. ಅಪರೂಪದ ಹಕ್ಕಿಯ ಹಿಂದೆ ಕಾರು ಓಡಿಸುವುದಕ್ಕಿಂತ ಈ ಕೆಲಸ ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ನೀವು ಕೇಳಬೇಕಾದ ಪ್ರಶ್ನೆ. ಹೊಸಬರು ಬೆಳಗಿನ ಮಾತಿಗೆ ಸೇರುವುದು ಸಾಮಾನ್ಯವಾಗಿ “ಇದು ಯಾವ ಹಕ್ಕಿ?” ಎಂಬ ಬಾಗಿಲಿನಿಂದಲೇ. ಅಂಥ ಮಾತುಕತೆ ಹೇಗೆ ನಡೆಯುತ್ತದೆ ನೋಡಿ:

“ಸರ್, ಗುಡಿ ಹತ್ತಿರದ ಅರಳಿ ಮರದಲ್ಲಿ ಕಂದು ಹಕ್ಕಿ. ಮೈತುಂಬ ಬಿಳಿ ಚುಕ್ಕಿ. ಯಾವುದು?”

“ಗಾತ್ರ?”

“ದೊಡ್ಡದು.”

“ಯಾವುದಕ್ಕಿಂತ ದೊಡ್ಡದು? ಗೊರವಂಕಕ್ಕಿಂತಲೋ, ಕಾಗೆಗಿಂತಲೋ?”

“ಕಾಗೆಗಿಂತ ಸ್ವಲ್ಪ ಸಣ್ಣ. ಬಾಲ ಉದ್ದ ಇತ್ತು.”

“ಕಣ್ಣು ಕಂಡಿತಾ? ಏನು ಮಾಡ್ತಿತ್ತು?”

“ಕಣ್ಣು ಕೆಂಪು. ಹಣ್ಣು ತಿಂತಿತ್ತು. ಕಾಗೆ ಬಂದು ಓಡಿಸ್ತು.”

“ಹಂಗಾದ್ರೆ ಕೋಗಿಲೆ. ಹೆಣ್ಣು.”

“ಕೋಗಿಲೆ ಕಪ್ಪಲ್ವಾ ಸರ್?”

ಕಪ್ಪಾಗಿರುವುದು ಗಂಡು. ಹೆಣ್ಣಿಗೆ ಕಂದು ಮೈ, ಬಿಳಿ ಚುಕ್ಕಿ, ಪಟ್ಟೆ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಕಾಗೆ ಅದನ್ನು ಕಂಡರೆ ಅಟ್ಟುವುದು ಅದಕ್ಕೇ. ವಸಂತದಲ್ಲಿ ನಾವು ಕೇಳುವ ಕುಹೂ ಗಂಡಿನದು, ಹೆಣ್ಣಿನದು ಚುರುಕಾದ ಕಿಕ್‌ಕಿಕ್ ಕೂಗು.

ಈ ಮಾತುಕತೆಯಲ್ಲಿ ಬಣ್ಣವೊಂದೇ ಸಾಲಲಿಲ್ಲ ಎಂಬುದನ್ನು ಗಮನಿಸಿ. ಬಣ್ಣ ಬೆಳಕಿನ ಜೊತೆ ಬದಲಾಗುತ್ತದೆ. ಸೂರ್ಯನಿಗೆ ಎದುರಾಗಿ ನಿಂತರೆ ಎಲ್ಲ ಹಕ್ಕಿಯೂ ಕಪ್ಪೇ. ಮೊದಲು ಗಾತ್ರ ನೋಡಿ: ಗುಬ್ಬಚ್ಚಿ, ಗೊರವಂಕ, ಕಾಗೆ ಈ ಮೂರೇ ನಿಮ್ಮ ಅಳತೆಗೋಲು. ನಂತರ ಕೊಕ್ಕು. ಅದು ಊಟದ ಸುಳಿವು ಕೊಡುತ್ತದೆ: ಕಾಳು ಒಡೆಯುವುದಕ್ಕೆ ದಪ್ಪ ಗಿಡ್ಡ ಕೊಕ್ಕು, ಕೆಸರು ಕೆದಕುವುದಕ್ಕೆ ಉದ್ದನೆಯದು. ಆಮೇಲೆ ನಡೆ: ಕುಪ್ಪಳಿಸುತ್ತದೋ, ಹೆಜ್ಜೆ ಹಾಕುತ್ತದೋ, ಬಾಲ ಕುಣಿಸುತ್ತದೋ. ನೀರಿನಂಚಿನಲ್ಲಿ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಓಡಾಡುವ ತೆಳ್ಳಗಿನ ಹಕ್ಕಿಯೆಂದರೆ ಹೊನ್ನಾಳಿಯವರು ಉಳಿದದ್ದನ್ನು ಕೇಳುವ ಮೊದಲೇ “ಸಿಪಿಲೆ” ಎಂದುಬಿಡುತ್ತಾರೆ. ಬಣ್ಣ ಕೊನೆಗೆ. ಮಬ್ಬು ಫೋಟೋ ಒಂದನ್ನೇ ಹಾಕಿ ಸುಮ್ಮನಾಗಬೇಡಿ. ಎರಡು ಸಾಲಿನ ವಿವರ ಜೊತೆಗಿರಲಿ.

ಮಂಜು ಕವಿದ ದಿನ ಹೊನ್ನಾಳಿಯವರು ಬರೀ ಸದ್ದಿನಿಂದಲೇ ಪಟ್ಟಿ ಮಾಡುತ್ತಾರೆ. ಅದು ವರ್ಷಗಳ ಅಭ್ಯಾಸ. ಸದ್ದು ಕೇಳಿ ಹಕ್ಕಿಯ ಹೆಸರು ಸೂಚಿಸುವ ಮರ್ಲಿನ್ ಎಂಬ ಉಚಿತ ಆ್ಯಪ್ ಈಗ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ್ದು. ಪಟ್ಟಿಗಳನ್ನು ಕೂಡಿಡುವ ಇ-ಬರ್ಡ್ ಕೂಡ 2002ರಲ್ಲಿ ಅಲ್ಲಿಂದಲೇ ಶುರುವಾದದ್ದು. ಮರ್ಲಿನ್ ಹೇಳಿದ್ದನ್ನು ಸುಳಿವೆಂದು ತಿಳಿಯಿರಿ, ತೀರ್ಪೆಂದಲ್ಲ. ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಅಣಕಿಸುವುದರಲ್ಲಿ ನಿಸ್ಸೀಮ; ಆ್ಯಪ್ ಕೂಡ ಮೋಸಹೋಗಬಹುದು. ಹೆಸರು ತೋರಿಸಿದರೆ ಮರದತ್ತ ಕಣ್ಣು ಹಾಯಿಸಿ, ಕಂಡ ಮೇಲೆ ಬರೆಯಿರಿ. ಕನ್ನಡದಲ್ಲಿ ಓದಿಕೊಳ್ಳಲು ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಇದೆ. ಬೈನಾಕ್ಯುಲರ್ ಕೊಳ್ಳುವ ಆತುರ ಬೇಡ. ಕೊಳ್ಳುವುದೇ ಆದರೆ 8x42 ಎಂದಿರುವುದನ್ನು ನೋಡಿ: 8 ಎಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ ಎಂದು, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರುಗಳಲ್ಲಿ. ಗಾಜು ಅಗಲವಾದಷ್ಟೂ ಮುಂಜಾನೆಯ ಮಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ, ಕುತ್ತಿಗೆಗೆ ಭಾರವೂ ಹೆಚ್ಚುತ್ತದೆ.

ಈ ಹರಟೆ ಮೊಬೈಲು ಬಂದ ಮೇಲೆ ಹುಟ್ಟಿದ್ದಲ್ಲ. 1960ರ ಸುಮಾರಿಗೆ ಝಫರ್ ಫುತೇಹಲಿಯವರು ಹಕ್ಕಿ ನೋಡುವವರಿಗಾಗಿ ಒಂದು ಪುಟ್ಟ ಪತ್ರಿಕೆ ಶುರು ಮಾಡಿದರು. ಮುಂದೆ ಅದು ಬೆಂಗಳೂರಿನಿಂದ ಬರುತ್ತಿತ್ತು. ದೇಶದ ಮೂಲೆಮೂಲೆಯ ಓದುಗರು ತಮ್ಮ ಹಿತ್ತಲಿನಲ್ಲಿ ಕಂಡದ್ದನ್ನು ಬರೆಯುತ್ತಿದ್ದರು, ಇನ್ನೊಬ್ಬರು ಉತ್ತರಿಸುತ್ತಿದ್ದರು. ವ್ಯತ್ಯಾಸವೆಂದರೆ ಆಗ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಿತ್ತು. ಈಗ ಹತ್ತು ನಿಮಿಷ ತಡವಾದರೆ ಹುಡುಗರು ಮುನಿಸಿಕೊಳ್ಳುತ್ತಾರೆ.

ನಡವಳಿಕೆಯ ಬಗ್ಗೆ ಒಂದೆರಡು ಮಾತು. ಗೂಡಿನ ಜಾಗ, ಗೂಬೆ ಕೂರುವ ಮರ, ಇವನ್ನು ಎಲ್ಲರಿಗೂ ಸಾರುವುದಿಲ್ಲ. ಜನ ಕ್ಯಾಮೆರಾ ಹಿಡಿದು ಮುತ್ತಿದರೆ ತಾಯಿಹಕ್ಕಿ ಗೂಡು ಬಿಟ್ಟೀತು. ಧ್ವನಿಮುದ್ರಿಸಿದ ಕೂಗನ್ನು ಹಾಕಿ ಹಕ್ಕಿಯನ್ನು ಕರೆಯುವುದೂ ಬೇಡ. ಎದುರಾಳಿ ಬಂದಿದ್ದಾನೆಂದು ಅದು ಕಂಗೆಡುತ್ತದೆ. ರಂಗಯ್ಯನದುರ್ಗದ ಕಾಡಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬೇಡಿ. ಹೂವಿನ ಚಿತ್ರದ ಶುಭೋದಯಗಳನ್ನು ದಯವಿಟ್ಟು ನಿಮ್ಮ ಬಂಧುಗಳಿಗೆ ಕಳಿಸಿ. ಯಾರಾದರೂ ತಪ್ಪು ಹೆಸರು ಬರೆದರೆ “ಹಂಗಲ್ಲ ಅಣ್ಣ, ಕೊಕ್ಕು ನೋಡಿ” ಎಂದು ಕಾರಣ ಹೇಳಿ ತಿದ್ದುವುದು ರೂಢಿ. ನಿಮ್ಮನ್ನು ತಿದ್ದಿದಾಗಲೂ ಕಾರಣ ಕೇಳಿ ಪಡೆಯಿರಿ. ಹೆಸರು ಮರೆತುಹೋಗುತ್ತದೆ, ಕಾರಣ ಉಳಿಯುತ್ತದೆ.

ನಿಮ್ಮ ಮೊದಲ ಪಟ್ಟಿಯನ್ನು ನಾಳೆಯೇ ಮಾಡಬಹುದು. ಮನೆಯ ಮಾಳಿಗೆಯೋ ತೋಟದ ಬೇಲಿಯೋ ಸಾಕು, ಹದಿನೈದು ನಿಮಿಷ ಸಾಕು. ಗುರುತು ಸಿಗದ ಹಕ್ಕಿಯನ್ನು ಬಿಟ್ಟುಬಿಡಿ, ಊಹಿಸಿ ಬರೆಯಬೇಡಿ. ಒಬ್ಬರೇ ಹೋಗಲು ಸಂಕೋಚವಾದರೆ ಫೆಬ್ರವರಿ ನಡುವಿನವರೆಗೆ ಕಾಯಿರಿ. ಆಗ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತ ಇದರಲ್ಲಿ ಸೇರಿದ್ದು 2013ರಲ್ಲಿ. ಸೂಳೆಕೆರೆ ಏರಿಗೆ ಬರುವುದಾದರೆ ಬಿಸಿಲೇರುವ ಮೊದಲೇ ಬನ್ನಿ, ಸೂರ್ಯ ಬೆನ್ನಿಗಿರುವಂತೆ ನಿಲ್ಲಿ, ಒಂದು ನೋಟ್‌ಬುಕ್ಕು ಪೆನ್ಸಿಲ್ಲು ತನ್ನಿ. ಬೈನಾಕ್ಯುಲರ್ ಪಕ್ಕದವರನ್ನು ಕೇಳಿದರಾಯಿತು, ಕೊಡುತ್ತಾರೆ.