ದೂರ ಎಷ್ಟು? ಹೊತ್ತು ಎಷ್ಟು?

ಅತ್ತೆಯ ಮಗಳು ಕುಮಟಾ ಆಸ್ಪತ್ರೆಯಲ್ಲಿ ಇದ್ದಾಳೆ. ನಾಳೆ 11 ಗಂಟೆಗೆ ಆಪರೇಶನ್. ಅದಕ್ಕೆ ಮೊದಲು ಮಗಳ ಮುಖ ನೋಡಬೇಕು.

"ಭಟ್ಕಳದಿಂದ ಎಷ್ಟೊತ್ತಿಗೆ ಹೊರಡೋಣ ಮಗಾ?" ಅತ್ತೆ ಕೇಳಿದರು.

ಸೊಸೆ ಸಾಕ್ಷರತಾ ಕೇಂದ್ರದಲ್ಲಿ ಕಲಿತವಳು. ಲೆಕ್ಕ ಹಾಕಿದಳು.

ಭಟ್ಕಳದಿಂದ ಹೊನ್ನಾವರ ಸುಮಾರು 40 ಕಿ.ಮೀ.
ಹೊನ್ನಾವರದಿಂದ ಕುಮಟಾ ಸುಮಾರು 20 ಕಿ.ಮೀ.
ಒಟ್ಟು 60 ಕಿ.ಮೀ.

ಅಲ್ಲಲ್ಲಿ ನಿಲ್ಲುವ ಬಸ್ಸು ಗಂಟೆಗೆ 30 ಕಿ.ಮೀ. ಹೋದರೆ 2 ಗಂಟೆ ಬೇಕು.

"ಬಸ್ಸು ಕಾಯೋದಕ್ಕೆ ಅರ್ಧ ಗಂಟೆ ಇರಲಿ. ಎಂಟು ಗಂಟೆಗೇ ಹೋಗಿ ನಿಲ್ಲೋಣ ಅತ್ತೆ."

"ವಿಮಾನ ಇದ್ದಿದ್ರೆ?"

"ಗಂಟೆಗೆ 600 ಕಿ.ಮೀ. ಹಾರಿದ್ರೆ 6 ನಿಮಿಷ ಸಾಕು. ಆದ್ರೆ ಈ ಮೂರೂ ಊರಲ್ಲಿ ವಿಮಾನ ನಿಲ್ದಾಣ ಇಲ್ಲವಲ್ಲ!"

ಮರುದಿನ ಬಸ್ಸು ಶರಾವತಿ ಸೇತುವೆ ದಾಟಿತು.

"ಸೇತುವೆ ಇಲ್ಲದ ಕಾಲದಲ್ಲಿ ದೋಣಿಗೆ ಕಾಯಬೇಕಿತ್ತು" ಅಂದರು ಅತ್ತೆ.

ಹೊನ್ನಾವರ ಬಂತು. ಸೊಸೆ ರಸ್ತೆ ಬದಿಯ ಕಲ್ಲು ಓದಿದಳು: ಕುಮಟಾ 20. ಗಡಿಯಾರದಲ್ಲಿ 10 ಗಂಟೆ.

"ಇನ್ನು 40 ನಿಮಿಷ. ಹೆದರಬೇಡಿ ಅತ್ತೆ, ಮುಟ್ಟುತ್ತೇವೆ."

ಅತ್ತೆ ಸೊಸೆಯ ಕೈ ಹಿಡಿದುಕೊಂಡರು.

ಲೆಕ್ಕ ಮಾಡಿ, ಬರೆಯಿರಿ:
1. ನಿಮ್ಮ ಊರಿನಿಂದ ತಾಲೂಕು ಆಸ್ಪತ್ರೆ ಎಷ್ಟು ದೂರ?
2. ಬಸ್ಸಿನಲ್ಲಿ ಎಷ್ಟು ಹೊತ್ತು ಬೇಕು?