ಕಂಪ್ಯೂಟರ್ ಕಲಿಕೆ: ವೈ-ಫೈ ಪಾಸ್‌ವರ್ಡ್ ಪದೇ ಪದೇ ಮರೆತುಹೋಗುತ್ತಿದೆಯೇ?



2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಹಾಗಾಗಿ ಹಲವು ಮನೆಗಳಲ್ಲಿ ಲ್ಯಾಪ್‌ಟಾಪ್‌ಗಳನ್ನು ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿಕೊಂಡಿದ್ದಾರೆ. ಅಪ್‌ಗ್ರೇಡ್ ಆದ ಮೇಲೆ ಕೆಲವು ಯಂತ್ರಗಳು ನಿನ್ನೆ ಕೊಟ್ಟ ವೈ-ಫೈ ಪಾಸ್‌ವರ್ಡನ್ನು ಇಂದು ಮತ್ತೆ ಕೇಳುತ್ತವೆ. ನಮಗೆ ಇದು ಬರೀ ಕಿರಿಕಿರಿ. ಊರಿನಲ್ಲಿ ಇಬ್ಬರೇ ಇರುವ ಅಪ್ಪ-ಅಮ್ಮನ ಕಂಪ್ಯೂಟರಿಗೆ ಹೀಗಾದರೆ ಆ ವಾರ ಮೊಮ್ಮಕ್ಕಳ ಮುಖ ನೋಡುವುದೇ ತಪ್ಪಿಹೋಗುತ್ತದೆ. ಫೋನಿನಲ್ಲೇ ಅವರಿಗೆ ಹೇಳಿಕೊಡಲು ಅನುಕೂಲವಾಗಲೆಂದು ಈ ಪಾಠ.

ಹೀಗೇಕೆ ಆಗುತ್ತದೆ?

ವಿಂಡೋಸ್ ಪ್ರತಿಯೊಂದು ವೈ-ಫೈ ಹೆಸರಿಗೂ ಒಂದು ಚಿಕ್ಕ ಕಡತ ಬರೆದು, ಪಾಸ್‌ವರ್ಡನ್ನು ಗೂಢಲಿಪಿಯಲ್ಲಿ ಅದರೊಳಗೆ ಇಡುತ್ತದೆ. ಈ ಕಡತ ಇರುವುದು ವೈ-ಫೈ ಕಾರ್ಡಿನ ಗುರುತಿನ ಸಂಖ್ಯೆಯುಳ್ಳ ಫೋಲ್ಡರಿನಲ್ಲಿ. ಅಪ್‌ಗ್ರೇಡ್ ಸಮಯದಲ್ಲಿ ಕಾರ್ಡಿನ ಡ್ರೈವರ್ ಬದಲಾದರೆ, ಅದೇ ಕಾರ್ಡಿಗೆ ಹೊಸ ಸಂಖ್ಯೆ ಬಂದುಬಿಡಬಹುದು. ಆಗ ಹಳೆಯ ಪೆಟ್ಟಿಗೆ ಅಲ್ಲೇ ಇರುತ್ತದೆ, ವಿಂಡೋಸ್ ಹೊಸ ಖಾಲಿ ಪೆಟ್ಟಿಗೆ ತೆರೆದು ನೋಡುತ್ತದೆ! ಒಮ್ಮೆ ಮಾತ್ರ ಮರೆತರೆ ಚಿಂತೆಯಿಲ್ಲ. ದಿನವೂ ಮರೆತರೆ ಈ ಕೆಳಗಿನಂತೆ ಮಾಡಿ.

1. ಮೊದಲು ಪಾಸ್‌ವರ್ಡನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಬದಲಾಯಿಸಿರದಿದ್ದರೆ ಅದು ಸಾಮಾನ್ಯವಾಗಿ ರೌಟರ್ ಮೇಲಿನ ಚೀಟಿಯಲ್ಲಿರುತ್ತದೆ.

2. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈ-ಫೈ, ಮ್ಯಾನೇಜ್ ನೋನ್ ನೆಟ್‌ವರ್ಕ್ಸ್ - ಹೀಗೆ ಒಂದೊಂದಾಗಿ ಒಳಗೆ ಹೋಗಿ. ಪಟ್ಟಿಯಲ್ಲಿ ನಿಮ್ಮ ವೈ-ಫೈ ಹೆಸರಿದ್ದರೆ ಫರ್ಗೆಟ್ ಒತ್ತಿ. ನಂತರ ಹೊಸದಾಗಿ ಸೇರಿ, 'ಕನೆಕ್ಟ್ ಆಟೋಮ್ಯಾಟಿಕಲಿ' ಗುರುತು ಹಾಕಿ.

3. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ನೋಡಿ. ಪಟ್ಟಿಯಿಂದ ಹೆಸರೇ ಮಾಯವಾಗಿದ್ದರೆ ಡ್ರೈವರ್ ಮೇಲೆ ಅನುಮಾನಪಡಿ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನಿಮ್ಮ ಮಾಡೆಲ್ಲಿಗೆ ಹೊಂದುವ ವಿಂಡೋಸ್ 11ರ ವೈ-ಫೈ ಡ್ರೈವರ್ ಇಳಿಸಿಕೊಂಡು ಹಾಕಿ. ಇಂಟರ್ನೆಟ್ ಸಿಗದಿದ್ದರೆ ಫೋನಿನ ಹಾಟ್‌ಸ್ಪಾಟ್ ಬಳಸಿ.

4. 'ಕ್ಲೀನರ್' ಜಾತಿಯ ತಂತ್ರಾಂಶವಿದ್ದರೆ, ಉಳಿಸಿದ ನೆಟ್‌ವರ್ಕ್‌ಗಳನ್ನು ಅದೇ ಅಳಿಸುತ್ತಿದೆಯೇ ಎಂದು ಪರೀಕ್ಷಿಸಿ.

5. ಯಾವುದೂ ಫಲಿಸದಿದ್ದರೆ ಕೊನೆಯ ಅಸ್ತ್ರ: ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗಿನ 'ನೆಟ್‌ವರ್ಕ್ ರೀಸೆಟ್'. ಇದು ಕಾರ್ಡನ್ನು ತೆಗೆದು ಮತ್ತೆ ಸ್ಥಾಪಿಸುತ್ತದೆ. ಉಳಿಸಿದ ಎಲ್ಲ ವೈ-ಫೈ ಪಾಸ್‌ವರ್ಡ್‌ಗಳೂ ಹೋಗುತ್ತವೆ, ವಿಪಿಎನ್ ತಂತ್ರಾಂಶವನ್ನು ಪುನಃ ಹಾಕಬೇಕಾಗಬಹುದು. ಆದ್ದರಿಂದಲೇ ಮೊದಲ ಹಂತ ಮರೆಯಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ರೀಸ್ಟಾರ್ಟ್ ಮಾಡಿ ನೋಡಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವ ಔಷಧಿಯಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ನೀವೇ ಕೈಹಾಕದೆ ಅಲ್ಲಿನ ಕಂಪ್ಯೂಟರ್ ವಿಭಾಗಕ್ಕೆ ಹೇಳಿ.

ಕಡೆಯದಾಗಿ ಒಂದು ಎಚ್ಚರಿಕೆ. ದಿನಾ ಟೈಪ್ ಮಾಡಲು ಬೇಸರವೆಂದು ಕೆಲವರು ವೈ-ಫೈಗೆ ಪಾಸ್‌ವರ್ಡೇ ಬೇಡವೆಂದು ತೆಗೆದುಬಿಡುತ್ತಾರೆ, ಇಲ್ಲವೇ 12345678 ಎಂದು ಇಟ್ಟುಬಿಡುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ! ಬೀದಿಯಲ್ಲಿ ಹೋಗುವವರೂ ನಿಮ್ಮ ಸಂಪರ್ಕ ಬಳಸಬಹುದು, ಅವರು ಮಾಡಿದ ತಪ್ಪಿನ ತನಿಖೆ ನಿಮ್ಮ ಬಾಗಿಲಿಗೆ ಬರಬಹುದು. ಕಂಪ್ಯೂಟರಿನ ಮರೆವಿಗೆ ಮೇಲಿನ ಮದ್ದು ಮಾಡಿ, ಮನೆಯ ಬೀಗ ಹಾಗೆಯೇ ಇರಲಿ.

ಈ ಪಾಠವನ್ನು ಮುದ್ರಿಸಿಟ್ಟುಕೊಳ್ಳಿ. ಇಂಟರ್ನೆಟ್ ಇಲ್ಲದಿದ್ದಾಗ ಈಮೇಲ್ ತೆರೆಯಲು ಬರುವುದಿಲ್ಲವಲ್ಲ!