ಡಯಾಲಿಸಿಸ್ ರೋಗಿಗೆ ಎಳನೀರು ಕೊಡಬಹುದೇ?

ಬ್ಯಾಡಗಿಯ ಸೋದರಿಗೆ,

ನಿಮ್ಮ ಮಾವನವರಿಗೆ ಎಳನೀರು ತಂಪು ಎಂದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಆದರೂ ಕೊಡಬೇಡಿ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಸೋತ ಕಿಡ್ನಿ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪೂ ಬೇಡ, ಅದರಲ್ಲೂ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ.

ಮೆಣಸಿನಕಾಯಿ ಬಗ್ಗೆ ಕೇಳಿದ್ದೀರಿ. ಬ್ಯಾಡಗಿಯಲ್ಲಿದ್ದು ಕೇಳದಿದ್ದರೆ ಹೇಗೆ! ನಿಮ್ಮೂರ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಪಲ್ಯಕ್ಕೆ ಚಿಟಿಕೆ ಪುಡಿ ಬಿದ್ದರೆ ಭಯವಿಲ್ಲ. ಭಯವೇನಿದ್ದರೂ ರಂಜಕ, ಉಪ್ಪಿನಕಾಯಿ, ಹಪ್ಪಳದ್ದು. ಅವುಗಳ ಉಪ್ಪು ಬಾಯಾರಿಸುತ್ತದೆ, ನೀರು ಕುಡಿಸುತ್ತದೆ, ಕಾಲಿಗೆ ಬಾವು ತರುತ್ತದೆ.

ಹಿಂದಿನ ದಿನದ ಮೂತ್ರದ ಪ್ರಮಾಣಕ್ಕೆ ಸುಮಾರು 500 ಮಿ.ಲೀ. ಸೇರಿಸಿದರೆ ದಿನದ ನೀರಿನ ಲೆಕ್ಕ. ಚಹಾ, ಮಜ್ಜಿಗೆ, ಸಾರು ಎಲ್ಲ ಅದರೊಳಗೇ. ವೈದ್ಯರು ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ. ದಿನಾ ಬೆಳಿಗ್ಗೆ ತೂಕ ಬರೆದಿಡಿ.

ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ (ಫಿಸ್ಟುಲಾ ಇರುವ) ಕೈಯಲ್ಲಿ ಬಿ.ಪಿ. ನೋಡಲು, ಇಂಜೆಕ್ಷನ್ ಚುಚ್ಚಲು ಬಿಡಬೇಡಿ. ಬೆರಳಿಟ್ಟರೆ ಅಲ್ಲಿ ಝುಮ್ಮೆನ್ನುವ ಕಂಪನ ಸಿಗಬೇಕು. ಅದು ನಿಂತರೆ ಅಥವಾ ಉಸಿರಾಟ ಕಷ್ಟವಾದರೆ ಮುಂದಿನ ಡಯಾಲಿಸಿಸ್ ಸರದಿಗೆ ಕಾಯಬೇಡಿ, ಕೂಡಲೇ ಹಾವೇರಿಯ ಜಿಲ್ಲಾಸ್ಪತ್ರೆಗೆ ಹೊರಡಿ.